ಸತ್ತದ್ದು ಬ್ಯಾಟ್ರಿ ಅಲ್ಲ

ನಮ್ಮ ಕಡೆ ಕಾರು ನಿಂತರೆ ಅದಕ್ಕೆ ಒಂದೇ ಮದ್ದು: ‘ಬ್ಯಾಟ್ರಿ ಹೋಗಿದೆ, ಬೇರೆ ಹಾಕ್ಸು.’ ಈ ಮಾತಿಗೆ ಪುರಾವೆ ಕೇಳುವವರಿಲ್ಲ. ವೈದ್ಯ ನಾಡಿ ಹಿಡಿಯದೆ ಔಷಧಿ ಬರೆದರೆ ಜಗಳಕ್ಕೆ ನಿಲ್ಲುವ ಜನ, ಬಾನೆಟ್ ಎತ್ತಿ ಒಂದು ಸಲ ಇಣುಕಿ ನಾಲ್ಕು ಸಾವಿರದ ಮಾತು ಆಡಿದವನ ಮುಂದೆ ತಲೆ ಆಡಿಸುತ್ತಾರೆ. ಯಾಕೆಂದರೆ ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದರ ಬಗ್ಗೆ ಯಾರು ಗಟ್ಟಿ ದನಿಯಲ್ಲಿ ಮಾತಾಡುತ್ತಾನೋ ಅವನದೇ ಗೆಲುವು. ಇದು ದೇವರ ವಿಷಯದಲ್ಲೂ ನಿಜ, ಡೈನಮೋ ವಿಷಯದಲ್ಲೂ ನಿಜ.

ನನ್ನ ತಮ್ಮ ಬಾಡಿಗೆ ಕಾರು ಓಡಿಸ್ತಾನೆ. ಸೆಕೆಂಡ್ ಹ್ಯಾಂಡ್ ಗಾಡಿ. ಸಂಘದ ಸಾಲ, ತಿಂಗಳ ಕಂತು, ಇನ್ಶೂರೆನ್ಸು, ಟೈರು, ಎಲ್ಲ ಕಳೆದು ಉಳಿದದ್ದರಲ್ಲಿ ಮನೆಯ ಒಲೆ ಉರೀಬೇಕು. ಊರಿಂದ ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಹೊತ್ತು ಹೋಗಬೇಕಾದರೆ ಕೇರಿಯವರು ಮೊದಲು ಬಂದು ಬಡಿಯುವುದು ಅವನ ಬಾಗಿಲನ್ನೇ. ಹೋದ ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೀ ತಿರುಗಿಸಿದರೆ ಸೆಲ್ಫು ‘ಕಟ ಕಟ’ ಅಂದು ಸುಮ್ಮನಾಯಿತು. ನಾಲ್ಕು ಜನ ಕೆಸರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿದರು. ತಾಯಿ ಉಳಿದಳು, ಮಗು ಉಳಿಯಿತು. ಆದರೆ ಆ ಹತ್ತು ನಿಮಿಷ ಆ ಹೆಂಗಸಿನ ಗಂಡ ನನ್ನ ತಮ್ಮನ ಮುಖ ನೋಡಿದ ರೀತಿ ಇದೆಯಲ್ಲ, ಅದಕ್ಕೆ ಕಂತು ಕಟ್ಟಿ ತೀರಿಸೋಕೆ ಆಗೋದಿಲ್ಲ.

ಮಾರನೇ ದಿನ ಪಟ್ಟಣದ ಗ್ಯಾರೇಜಿನಲ್ಲಿ ಬ್ಯಾಟ್ರಿ ಹೋಯಿತು ಅಂದರು. ಹೊಸದು ಹಾಕಿದ್ದಾಯಿತು. ಹದಿನೈದು ದಿನಕ್ಕೆ ಮತ್ತೆ ಕಟ ಕಟ.

‘ಅಣ್ಣ, ಹೊಸಾ ಬ್ಯಾಟ್ರಿ ಕಣಣ್ಣ. ಈಗ ಡೈನಮೋನೇ ಬದ್ಲಾಯ್ಸ್ಬೇಕಂತೆ. ಏಳು ಸಾವ್ರ ಹೇಳವ್ರೆ’ ಅಂತ ತಮ್ಮ ನನ್ನ ಮುಂದೆ ಬಂದು ನಿಂತ.

ಅವ್ವ ಒಳಗಿಂದ, ‘ಆ ಕಾರಿನ್ ಹೊಟ್ಟೆ ತುಂಬ್ಸಿ ತುಂಬ್ಸಿ ನಿಮ್ ಹೊಟ್ಟೆಗೆ ತಣ್ಣೀರ್ ಬಟ್ಟೆ ಹಾಕ್ಕಳ್ರಪ್ಪ’ ಅಂದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಮುನ್ನೂರು ರೂಪಾಯಿಯ ಒಂದು ಮಲ್ಟಿಮೀಟರು ನನ್ನ ಹತ್ತಿರ ಇತ್ತು. ‘ಏಳು ಸಾವಿರ ಕೊಡೋಕೆ ಮುಂಚೆ ಭಾನುವಾರ ಒಂದಿನ ಇದನ್ನ ಅಳೆದು ನೋಡೋಣ, ಆಮೇಲೆ ಕೊಡುವೆಯಂತೆ’ ಅಂದೆ. ನಮ್ಮ ಮನೆ ಮುಂದಿನ ಹುಣಸೆ ಮರದ ನೆರಳಲ್ಲಿ ನಾವು ಮಾಡಿದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಇಲ್ಲಿ ಬರೀತೀನಿ. ಇದರಲ್ಲಿ ಮಂತ್ರ ಇಲ್ಲ. ಕೂಡುವುದು ಕಳೆಯುವುದು ಬಂದರೆ ಸಾಕು.

ಮೊದಲು ಎಚ್ಚರಿಕೆ. ಬ್ಯಾಟರಿಯೊಳಗೆ ಇರುವುದು ಗಂಧಕಾಮ್ಲ. ಚಾರ್ಜ್ ಆಗುವಾಗ ಅದರಿಂದ ಜಲಜನಕ ಅನಿಲ ಏಳುತ್ತದೆ. ಪಕ್ಕದಲ್ಲಿ ಬೀಡಿ ಹಚ್ಚಿದರೆ ಬ್ಯಾಟ್ರಿ ಸಿಡಿದು ಆಸಿಡ್ ಕಣ್ಣಿಗೆ ಹಾರುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ಬಿಚ್ಚಿಡಬೇಕು. ತಂತಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇನ್ನೊಂದು ಮಾತು: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಿತ್ತು ‘ಗಾಡಿ ಆಫ್ ಆದರೆ ಡೈನಮೋ ಸತ್ತಿದೆ, ಆಗದಿದ್ದರೆ ಬದುಕಿದೆ’ ಅಂತ ನೋಡುವ ಒಂದು ಹಳೇ ಪದ್ಧತಿ ಇದೆ. ಅದನ್ನು ಮಾಡಬಾರದು. ಅದು ನಿಜವಾದ ಡೈನಮೋ ಇದ್ದ ಕಾಲದ್ದು. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಮುಂದೆ ಎಲ್ಲ ಕಾರಿಗೂ ಅದೇ ಬಂತು. ನಮ್ಮ ಮೆಕ್ಯಾನಿಕ್ಕುಗಳು ಇವತ್ತೂ ಡೈನಮೋ ಅನ್ನುವುದು ಈ ಆಲ್ಟರ್ನೇಟರನ್ನೇ. ಅದರೊಳಗೆ ಡಯೋಡುಗಳಿವೆ. ಓಡುವಾಗ ಬ್ಯಾಟರಿ ತಂತಿ ಕಿತ್ತರೆ ವೋಲ್ಟೇಜು ಒಮ್ಮೆಲೇ ಜಿಗಿದು ಅವನ್ನು ಸುಟ್ಟುಹಾಕಬಹುದು. ಪರೀಕ್ಷೆ ಮಾಡಲು ಹೋಗಿ ಕೊಲೆ ಮಾಡಿದ ಹಾಗೆ.

ಮೊದಲ ಮೆಟ್ಟಿಲು ಕಣ್ಣು. ಬ್ಯಾಟರಿಯ ತಲೆ ಮೇಲೆ ಬಿಳಿ, ಹಸಿರು ಹುಡಿ ಕಟ್ಟಿದೆಯಾ? ಕ್ಲಾಂಪು ಕೈಯಲ್ಲಿ ಅಲುಗುತ್ತದಾ? ಮುಚ್ಚಳ ಇರುವ ಬ್ಯಾಟರಿಯಾದರೆ ನೀರು ಪ್ಲೇಟಿನ ಮೇಲಿದೆಯಾ? ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಬೋರ್‌ವೆಲ್ ನೀರು ಬೇಡ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಒಂದು ಸೆಂಟಿಮೀಟರು ಬಗ್ಗಬೇಕು. ಜೋಲು ಬಿದ್ದಿದ್ದರೆ ಅದು ಜಾರುತ್ತದೆ, ಲೈಟ್ ಹಾಕಿದಾಗ ಕಿರುಚುತ್ತದೆ. ನಮ್ಮದರಲ್ಲಿ ಇವೆಲ್ಲ ಸರಿಯಾಗಿದ್ದವು.

ಎರಡನೆಯದು ನಿಂತ ಗಾಡಿಯ ವೋಲ್ಟೇಜು. ಹನ್ನೆರಡು ವೋಲ್ಟಿನ ಬ್ಯಾಟರಿ ಅನ್ನುವುದು ಬರೀ ಹೆಸರು. ಒಳಗೆ ಆರು ಮನೆ, ಒಂದೊಂದು ಮನೆಗೆ 2.1 ವೋಲ್ಟು. ಆರು ಸೇರಿದರೆ 12.6. ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿಯಲ್ಲಿ 12.6 ತೋರಿಸಿದರೆ ಹೊಟ್ಟೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಉಪವಾಸ. ನಮಗೆ ಸಿಕ್ಕಿದ್ದು 12.1. ಹಸಿದ ಬ್ಯಾಟ್ರಿ. ಆದರೆ ಹಸಿದದ್ದು ಬೇರೆ, ಸತ್ತದ್ದು ಬೇರೆ. ಈ ವ್ಯತ್ಯಾಸ ನಮ್ಮ ಜನಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹಸಿದವನಿಗೆ ಮೊದಲು ಊಟ. ಒಂದು ಚಾರ್ಜರು ಎರವಲು ತಂದು ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿದೆವು. 35 ಆಂಪಿಯರ್-ಅವರ್ ಬ್ಯಾಟರಿಗೆ ಅದರ ಹತ್ತನೇ ಒಂದು ಪಾಲು, ಅಂದರೆ ಮೂರೂವರೆ ಆಂಪಿಯರು ಸಾಕು. ಬಿಚ್ಚಿಟ್ಟು ನಾಲ್ಕಾರು ಗಂಟೆ ಬಿಟ್ಟು ನೋಡಿದರೆ 12.6. ಇಳಿಯಲಿಲ್ಲ.

ಮೂರನೆಯದು ಸೆಲ್ಫ್ ಹೊಡೆಯುವಾಗಿನ ಪರೀಕ್ಷೆ. ಮೀಟರಿನ ಎರಡು ಕಡ್ಡಿಯನ್ನು ಬ್ಯಾಟರಿ ಕಂಬಗಳ ಮೇಲೇ ಒತ್ತಿ ಹಿಡಿದು, ಇನ್ನೊಬ್ಬರು ಕೀ ತಿರುಗಿಸಬೇಕು. ಕೈಲಾಗದ ಬ್ಯಾಟರಿಯಾದರೆ ಆಗ 9.6ಕ್ಕಿಂತ ಕೆಳಗೆ ಕುಸಿಯುತ್ತದೆ. ನಮ್ಮದು 11.6ರಲ್ಲೇ ನಿಂತಿತ್ತು. ಆದರೂ ಸೆಲ್ಫು ಮುಲುಗುತ್ತಾ ತಿರುಗಿತು.

‘ನೋಡ್ಲಾ’ ಅಂದೆ, ‘ಬ್ಯಾಟ್ರೀಲಿ ಶಕ್ತಿ ಐತೆ. ಸೆಲ್ಫ್‌ಗೆ ಶಕ್ತಿ ಇಲ್ಲ. ಹಂಗಾದ್ರೆ ಮಧ್ಯ ಎಲ್ಲೋಯ್ತು?’

ತಮ್ಮ ಮೊದಲ ಸಲ ಮೀಟರನ್ನು ತನ್ನ ಕೈಗೆ ತಗೊಂಡ.

ನಾಲ್ಕನೆಯದು ಓಡುವ ಎಂಜಿನ್ನಿನ ಪರೀಕ್ಷೆ. ಎಂಜಿನ್ ಓಡುವಾಗ ಬ್ಯಾಟರಿ ಕಂಬಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟು ಇರಬೇಕು. 12.6ರ ಮನೆಗೆ ನೀರು ತುಂಬಬೇಕಾದರೆ ಮೇಲಿನ ತೊಟ್ಟಿ ಅದಕ್ಕಿಂತ ಎತ್ತರದಲ್ಲಿರಬೇಕು ತಾನೆ? ಹೆಡ್‌ಲೈಟ್ ಹಾಕಿ ಸ್ವಲ್ಪ ಆಕ್ಸಿಲೇಟರ್ ಕೊಟ್ಟು ನೋಡಿದೆವು. 13.2. ಸಾಲದು. ಇಲ್ಲಿಗೆ ನಿಲ್ಲಿಸುವವರು ‘ಡೈನಮೋ ವೀಕು’ ಅನ್ನುತ್ತಾರೆ. ಏಳು ಸಾವಿರ ಹುಟ್ಟುವುದು ಇಲ್ಲೇ.

ನಾವು ನಿಲ್ಲಿಸಲಿಲ್ಲ. ಐದನೆಯದಾಗಿ ಕಡ್ಡಿಗಳನ್ನು ಆಲ್ಟರ್ನೇಟರಿಗೇ ಇಟ್ಟೆವು. ಕೆಂಪು ಕಡ್ಡಿ ಅದರ ಹಿಂದಿನ ದಪ್ಪ ತಂತಿಯ ಬೋಲ್ಟಿಗೆ, ಕಪ್ಪು ಕಡ್ಡಿ ಅದರ ಮೈಗೆ. ಬೆಲ್ಟಿಗೆ ಕೈ, ಟವಲ್ಲು, ಮೀಟರಿನ ತಂತಿ ತಾಗದ ಹಾಗೆ. 14.2! ದುಡಿಯುವವನು ಸರಿಯಾಗಿಯೇ ದುಡಿಯುತ್ತಿದ್ದಾನೆ. ದುಡಿದದ್ದು ಮನೆಗೆ ಬರುತ್ತಿಲ್ಲ. ದಾರಿಯಲ್ಲಿ ಒಂದು ವೋಲ್ಟನ್ನು ಯಾರೋ ತಿನ್ನುತ್ತಿದ್ದಾರೆ.

ಕಳ್ಳನನ್ನು ಹಿಡಿಯುವುದು ಆರನೇ ಮೆಟ್ಟಿಲು. ಎಂಜಿನ್ ಓಡುತ್ತಿರಲಿ, ಲೈಟು ಉರಿಯುತ್ತಿರಲಿ. ಒಂದು ಕಡ್ಡಿ ಆಲ್ಟರ್ನೇಟರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ: 0.1. ಹೋಗುವ ದಾರಿ ಚೊಕ್ಕಟ. ಈಗ ಒಂದು ಕಡ್ಡಿ ಆಲ್ಟರ್ನೇಟರಿನ ಮೈಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ: 0.9. ಇಲ್ಲಿ 0.2ಕ್ಕಿಂತ ಹೆಚ್ಚು ಇರಬಾರದು. 13.2, 0.1, 0.9 ಕೂಡಿಸಿ. 14.2. ಲೆಕ್ಕ ಚುಕ್ತಾ.

ಎಲ್ಲರೂ ನೋಡುವುದು ಕೆಂಪು ತಂತಿಯನ್ನು. ಕರೆಂಟು ಹೋದರೆ ಸಾಲದು, ತಿರುಗಿ ಬರಬೇಕು. ಆ ಬರುವ ದಾರಿಗೆ ಕಾರಿನಲ್ಲಿ ಬೇರೆ ತಂತಿ ಎಳೆದಿರುವುದಿಲ್ಲ, ಕಾರಿನ ಮೈಯನ್ನೇ ದಾರಿ ಮಾಡಿರುತ್ತಾರೆ. ಎಂಜಿನ್ನು ರಬ್ಬರಿನ ಮೇಲೆ ಕೂತಿರುವುದರಿಂದ ಎಂಜಿನ್ನಿಗೂ ಮೈಗೂ ಒಂದು ಪಟ್ಟಿ ಬಿಗಿದಿರುತ್ತಾರೆ. ಅದೇ ಅರ್ತ್ ಪಟ್ಟಿ. ನೆಗೆಟಿವ್ ಕಂಬದಿಂದ ಕಾರಿನ ಮೈಗೆ ಅಳೆದರೆ 0.05. ಕಾರಿನ ಮೈಯಿಂದ ಎಂಜಿನ್ನಿಗೆ ಅಳೆದರೆ 0.85. ಸಿಕ್ಕಿಬಿದ್ದ.

ತಮ್ಮ ಗಾಡಿ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದ. ‘ಅಣ್ಣ, ಇದು ಅರ್ಧ ಕಿತ್ತೋಗದೆ ಕಣಣ್ಣ. ಬೋಲ್ಟ್ ತುಂಬ ತುಕ್ಕು!’

ಬಿಚ್ಚುವ ಮುಂಚೆ ಒಂದು ಸಾಕ್ಷಿ ಬೇಕಿತ್ತು. ಎಂಜಿನ್ ಆಫ್ ಮಾಡಿ, ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಎಂಜಿನ್ನಿನ ಬರಿ ಲೋಹಕ್ಕೆ, ಇನ್ನೊಂದನ್ನು ನೆಗೆಟಿವ್ ಕಂಬಕ್ಕೆ ಕಚ್ಚಿಸಿ ಮತ್ತೆ ಕೀ ತಿರುಗಿಸಿದೆವು. ಸೆಲ್ಫು ಒಂದೇ ಏಟಿಗೆ ಎತ್ತಿತು. ಲೈಟ್ ಹಾಕಿದರೂ ಬ್ಯಾಟರಿಯಲ್ಲಿ 14.1. ಆಮೇಲೆ ಪಟ್ಟಿ ಬಿಚ್ಚಿ, ಬೋಲ್ಟು ಕೂರುವ ಜಾಗವನ್ನು ಬಿಳಿ ಲೋಹ ಕಾಣುವ ತನಕ ಉಪ್ಪುಕಾಗದದಲ್ಲಿ ಉಜ್ಜಿ, ಲಗ್ ಹೊಡೆಸಿದ ಹೊಸ ದಪ್ಪ ತಾಮ್ರದ ಕೇಬಲ್ಲು ಬಿಗಿದು, ಮೇಲೆ ಗ್ರೀಸು ಸವರಿದೆವು. ಖರ್ಚು ನೂರೈವತ್ತು ರೂಪಾಯಿ.

ಶಾಲೆಯ ಮಕ್ಕಳಿಗೆ ನಾನು ಇದರ ಲೆಕ್ಕ ಹಾಕಿಸಿದೆ. ಪಟ್ಟಿಯಲ್ಲಿ ಆಗ 18 ಆಂಪಿಯರ್ ಹರಿಯುತ್ತಿತ್ತು ಅಂತ ಇಟ್ಟುಕೊಳ್ಳಿ. 0.9ನ್ನು 18ರಿಂದ ಭಾಗಿಸಿದರೆ ತಡೆ 0.05 ಓಮ್. ಕೂದಲೆಳೆಯಷ್ಟು ತಡೆ. ಆದರೆ ಸೆಲ್ಫು 100 ಆಂಪಿಯರು ಎಳೆಯಲು ಹೋದಾಗ ಅದೇ ಕೂದಲೆಳೆ 5 ವೋಲ್ಟು ನುಂಗುತ್ತದೆ. ಹನ್ನೆರಡರಲ್ಲಿ ಐದು ಹೋದರೆ ಸೆಲ್ಫು ಕಟ ಕಟ ಅನ್ನದೆ ಇನ್ನೇನು ಅಂದೀತು? ಚಾರ್ಜು ಕಡಿಮೆಯಾದದ್ದಕ್ಕೂ ಸೆಲ್ಫು ಸೋತದ್ದಕ್ಕೂ ಕಾರಣ ಒಂದೇ.

ಇನ್ನು ಎರಡು ಪರೀಕ್ಷೆ ಉಳಿದಿವೆ. ಬೇರೆಯವರ ಗಾಡಿಯಲ್ಲಿ ಬೇರೆ ರೋಗ ಇರಬಹುದು, ಅದಕ್ಕೆ ಹೇಳ್ತೀನಿ. ಒಂದು, ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ. ಕೀ ಹಾಕಿದಾಗ ಅದು ಹತ್ತಬೇಕು, ಎಂಜಿನ್ ಓಡಿದಾಗ ಆರಬೇಕು. ಹಳೇ ಗಾಡಿಗಳಲ್ಲಿ ಕೀ ಹಾಕಿದಾಗಲೇ ಹತ್ತದಿದ್ದರೆ ಬಲ್ಬು ಹೋಗಿರಬಹುದು, ಅದರ ತಂತಿ ಕಿತ್ತಿರಬಹುದು, ಇಲ್ಲವೆ ಆಲ್ಟರ್ನೇಟರಿನ ಬ್ರಷ್ಷು ಸವೆದಿರಬಹುದು. ಓಡುವಾಗಲೂ ಮಿಣಿಮಿಣಿ ಅಂದರೆ ಡಯೋಡಿನ ಮೇಲೆ ಅನುಮಾನ. ನಮ್ಮ ಕಾರಿನ ದೀಪ ಮಾತ್ರ ಸರಿಯಾಗಿ ಹತ್ತಿ ಸರಿಯಾಗಿ ಆರುತ್ತಿತ್ತು. ಆಲ್ಟರ್ನೇಟರ್ ದುಡಿಯುತ್ತಿದೆ ಅಂತ ಅದು ಹೇಳುತ್ತಿತ್ತು, ಅಷ್ಟೆ. ದುಡಿದದ್ದು ಬ್ಯಾಟರಿಗೆ ಮುಟ್ಟಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಎರಡು, ನಿಂತ ಗಾಡಿಯಲ್ಲಿ ಸೋರಿಕೆ. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ನೆಗೆಟಿವ್ ತಂತಿ ಬಿಚ್ಚಿ, ಮೀಟರನ್ನು ಹತ್ತು ಆಂಪಿಯರಿನ ತೂತಿಗೆ ಹಾಕಿ ಕಂಬಕ್ಕೂ ತಂತಿಗೂ ಮಧ್ಯೆ ಸೇರಿಸಬೇಕು. ಆಗ ಸೆಲ್ಫ್ ಹೊಡೆಯಲೇಬಾರದು, ಮೀಟರ್ ಸುಟ್ಟುಹೋಗುತ್ತದೆ. 50 ಮಿಲಿಆಂಪಿಯರಿಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ನಮ್ಮದು 20. ಆದರೆ ಡಿಕ್ಕಿಯ ದೀಪವೋ ಹೊಸದಾಗಿ ಹಾಕಿಸಿದ ಹಾಡಿನ ಪೆಟ್ಟಿಗೆಯೋ 300 ಮಿಲಿಆಂಪಿಯರು ಕುಡಿಯುತ್ತಿದ್ದರೆ 35 ಆಂಪಿಯರ್-ಅವರಿನ ತುಂಬಿದ ಬ್ಯಾಟರಿ ಐದು ದಿನ ತಡೆಯುವುದಿಲ್ಲ. ಒಂದೊಂದಾಗಿ ಫ್ಯೂಸು ಕಿತ್ತು ನೋಡಿದರೆ ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಅದೇ ಕಳ್ಳ.

ಇಷ್ಟು ಓದಿ ಯಾರಾದರೂ ಆ ಗ್ಯಾರೇಜಿನವನನ್ನು ಬೈಯಲು ಹೊರಟರೆ ನಾನು ಒಪ್ಪೋದಿಲ್ಲ. ಅವನೂ ಹತ್ತನೇ ವಯಸ್ಸಿಗೆ ಸ್ಪ್ಯಾನರ್ ಒರೆಸಲು ಸೇರಿದ ಹುಡುಗನೇ ಇರಬೇಕು. ಶಾಲೆ ಬಿಟ್ಟವನ ಕೈಗೆ ಗಾಡಿ ಬಂತು, ಅದರ ಲೆಕ್ಕ ಬರಲಿಲ್ಲ. ಶಾಲೆಯಲ್ಲಿ ಉಳಿದವನಿಗೆ ಲೆಕ್ಕ ಬಂತು, ಗಾಡಿ ಬರಲಿಲ್ಲ. ಓಮ್‌ನ ನಿಯಮ ಬಾಯಿಪಾಠ ಮಾಡಿ ನೂರಕ್ಕೆ ನೂರು ತೆಗೆದ ಹುಡುಗ ಅಪ್ಪನ ಟ್ರಾಕ್ಟರು ನಿಂತರೆ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಾನೆ. ಕೈಗೆ ಮಸಿ ಹತ್ತುವ ಕೆಲಸ ಒಬ್ಬನಿಗೆ, ತಲೆಯ ಕೆಲಸ ಇನ್ನೊಬ್ಬನಿಗೆ ಅಂತ ಹಂಚಿಟ್ಟ ಸಮಾಜ ಇದು. ಆ ಹಂಚಿಕೆಯ ಬೆಲೆಯನ್ನು ನಮ್ಮಂಥವರು ನಾಲ್ಕು ಸಾವಿರ, ಏಳು ಸಾವಿರದ ಲೆಕ್ಕದಲ್ಲಿ ಕಟ್ಟುತ್ತಾ ಬಂದಿದ್ದೀವಿ.

ಈ ವಿದ್ಯೆಯನ್ನು ಕಂಡವರು ಯಾರು ಅಂತ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆಯಸ್ಕಾಂತ ಮತ್ತು ಸುರುಳಿ ಒಂದರ ಮುಂದೆ ಒಂದು ಚಲಿಸಿದರೆ ಕರೆಂಟು ಹುಟ್ಟುತ್ತದೆ ಅಂತ 1831ರಲ್ಲಿ ತೋರಿಸಿದವನು ಮೈಕೆಲ್ ಫ್ಯಾರಡೆ. ಇಂಗ್ಲೆಂಡಿನ ಒಬ್ಬ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೂಲಿ ಕಲಿಯುತ್ತಾ, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿದವನು. ಹಂಫ್ರಿ ಡೇವಿ ಅವನನ್ನು 1813ರಲ್ಲಿ ಯುರೋಪಿಗೆ ಕರೆದುಕೊಂಡು ಹೋದಾಗ ಡೇವಿಯ ಹೆಂಡತಿ ಅವನನ್ನು ಆಳಿನ ಹಾಗೆ ನಡೆಸಿಕೊಂಡಳು. ಇವತ್ತು ಲೋಕದ ಎಲ್ಲ ಆಲ್ಟರ್ನೇಟರುಗಳೂ ಆ ‘ಆಳು’ ಕಂಡ ಸತ್ಯದ ಮೇಲೆ ತಿರುಗುತ್ತಿವೆ. ಇನ್ನು ಓಮ್. ಜರ್ಮನಿಯ ಒಬ್ಬ ಬೀಗ ಮಾಡುವವನ ಮಗ. ಶಾಲಾ ಮೇಷ್ಟ್ರಾಗಿದ್ದುಕೊಂಡೇ ತಂತಿ ಎಳೆದು ಅಳೆದು 1827ರಲ್ಲಿ ತನ್ನ ನಿಯಮ ಅಚ್ಚು ಹಾಕಿಸಿದ. ಅವನ ದೇಶದ ಪಂಡಿತರು ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಪದಕ ಕೊಟ್ಟದ್ದು 1841ರಲ್ಲಿ. ಕಮ್ಮಾರನ ಮಗ, ಬೀಗದವನ ಮಗ. ಕೈ ಕೆಲಸದ ಮನೆಯಿಂದ ಹುಟ್ಟಿದ ಅರಿವು ಕಪ್ಪು ಹಲಗೆ ಹತ್ತಿ ಕೂತು, ಕೈ ಕೆಲಸದವರ ಮಕ್ಕಳಿಗೇ ‘ಇದು ನಿನಗೆ ಅರ್ಥವಾಗಲ್ಲ’ ಅನ್ನುವಂತಾದದ್ದು ಹೇಗೆ? ಮೇಷ್ಟ್ರುಗಳಾದ ನಾವು ಯೋಚಿಸಬೇಕು.

ಕೊನೆಗೆ ಒಂದು ಮಾತು, ನಮ್ಮ ಜೇಬಿಗಿಂತ ದೊಡ್ಡದು. ತಮ್ಮನ ಮೊದಲ ಬ್ಯಾಟರಿಯನ್ನು ಯಾರೂ ಅಳೆಯಲಿಲ್ಲ, ತೂಕಕ್ಕೆ ಹಾಕಿದರು. ಅದು ಸತ್ತಿತ್ತೋ ಬರೀ ಹಸಿದಿತ್ತೋ ಹೇಳುವವರಿಲ್ಲ. ಹಾಗೆ ಹೋದ ಬ್ಯಾಟರಿ ಎಲ್ಲಿಗೆ ಹೋಗುತ್ತದೆ? ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮೊದಲು ಮಾಡಿದಾಗಿನಿಂದ ಇವತ್ತಿನವರೆಗೂ ಇದರ ಜೀವ ಸೀಸ. ತೂಕದ ಹೆಚ್ಚಿನ ಪಾಲು ಅದೇ. ಹಳೇ ಬ್ಯಾಟರಿ ವಾಪಸ್ ತಗೊಂಡು ಸರಿಯಾದ ಕಾರ್ಖಾನೆಗೆ ಕಳಿಸಬೇಕು ಅಂತ 2001ರಲ್ಲಿ ನಿಯಮ ಬಂತು. ಅದರ ಜಾಗಕ್ಕೆ 2022ರಲ್ಲಿ ಹೊಸ ನಿಯಮ ಬಂತು. ನಿಯಮದ ಹೊರಗೆ, ಗುಜರಿಯ ಹಿಂದಿನ ಶೆಡ್ಡಿನಲ್ಲಿ, ಬರಿಗೈಯಲ್ಲಿ ಬ್ಯಾಟರಿ ಒಡೆದು, ಆಸಿಡ್ಡನ್ನು ಮಣ್ಣಿಗೆ ಸುರಿದು, ಸೀಸ ಕರಗಿಸುವವರೂ ಇದ್ದಾರೆ. ಆ ಹೊಗೆ ಕುಡಿಯುವವರು ಯಾರ ಮಕ್ಕಳು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಫ್ರಿಕಾದ ಸೆನೆಗಲ್ ದೇಶದ ಡಕಾರ್ ನಗರದ ಒಂದು ಕೇರಿಯಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ ಇಂಥ ಸೀಸಕ್ಕೆ 18 ಮಕ್ಕಳು ಸತ್ತರು. ಲೋಕದ ಮೂರು ಮಕ್ಕಳಲ್ಲಿ ಒಂದು ಮಗುವಿನ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿದೆ ಅಂತ ಯುನಿಸೆಫ್ 2020ರಲ್ಲಿ ಹೇಳಿತು. ಸೀಸ ಮೆದುಳನ್ನು ತಿನ್ನುತ್ತದೆ. ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಅದಕ್ಕಿಲ್ಲ. ಬದುಕಿರುವ ಒಂದು ಬ್ಯಾಟರಿಯನ್ನು ಸತ್ತಿದೆ ಅಂತ ಗುಜರಿಗೆ ಹಾಕಿದಾಗ ನಾಲ್ಕು ಸಾವಿರ ನಮ್ಮದು ಹೋಗುತ್ತದೆ. ಉಳಿದದ್ದನ್ನು ಯಾವುದೋ ಶೆಡ್ಡಿನ ಮಗು ಕಟ್ಟುತ್ತದೆ.

ಆದ್ದರಿಂದ ಗೆಳೆಯರೆ, ಒಂದು ಕೆಲಸ ಮಾಡಿ. ನಿಮ್ಮ ಶಾಲೆಗೆ, ಹಾಸ್ಟೆಲಿಗೆ, ಸಂಘದ ಕೋಣೆಗೆ ಒಂದು ಮಲ್ಟಿಮೀಟರ್ ತನ್ನಿ. ಮುನ್ನೂರು ರೂಪಾಯಿ, ಹತ್ತು ಜನ ಸೇರಿದರೆ ತಲೆಗೆ ಮೂವತ್ತು. ಆಟೋ ಓಡಿಸುವವನನ್ನು, ಟ್ರಾಕ್ಟರಿನವನನ್ನು, ಗ್ಯಾರೇಜಿನ ಹುಡುಗನನ್ನೂ ಕರೆಯಿರಿ. ಹೆಣ್ಣುಮಕ್ಕಳ ಕೈಗೆ ಮೊದಲು ಕೊಡಿ. ಮೇಲಿನ ಅಂಕಿಗಳನ್ನು ಗೋಡೆ ಮೇಲೆ ಬರೆದು ಹಾಕಿ: ನಿಂತಾಗ 12.6, ಸೆಲ್ಫಿಗೆ 9.6ರ ಮೇಲೆ, ಓಡುವಾಗ 14ರ ಆಸುಪಾಸು, ದಾರಿಯಲ್ಲಿ ನಷ್ಟ 0.2ರ ಒಳಗೆ, ಸೋರಿಕೆ 50 ಮಿಲಿಆಂಪಿಯರಿನ ಒಳಗೆ. ಗಾಡಿ ನಿಂತಾಗ ‘ಬ್ಯಾಟ್ರಿ ಹೋಗಿದೆ’ ಅಂತ ಯಾರೇ ಅಂದರೂ ಜಗಳ ಬೇಡ. ‘ಎಷ್ಟು ವೋಲ್ಟ್ ತೋರಿಸ್ತಣ್ಣ?’ ಅಂತ ಕೇಳಿ. ಅವನ ಹತ್ತಿರ ಅಂಕಿ ಇದ್ದರೆ ನಂಬಿ ದುಡ್ಡು ಕೊಡಿ. ಇಲ್ಲದಿದ್ದರೆ ಮೀಟರನ್ನು ಅವನ ಕೈಗೇ ಕೊಟ್ಟು, ಇಬ್ಬರೂ ಸೇರಿ ಅಳೆಯಿರಿ.